ಡಾ. ಹೋಮಿ ಭಾಭಾ ಮತ್ತು ದ್ರವ್ಯದ ಒಗಟು

ಭಾರತದ ಆಧುನಿಕ ವಿಜ್ಞಾನದ ಚರಿತ್ರೆಯಲ್ಲಿ ಡಾ. ಹೋಮಿ ಜಹಾಂಗೀರ ಭಾಭಾ ಅವರ ಹೆಸರು ಪರಮಾಣುಶಕ್ತಿಯೊಡನೆ ಅಗಲಿಸಲಾರದಂತೆ ಬೆಸೆದುಕೊಂಡಿದೆ. ತ್ರಾಂಬೆಯ ಸಂಶೋಧನ ಕೇಂದ್ರ, ಅಪ್ಸರಾ ಸ್ಥಾವರ, ಪರಮಾಣುಶಕ್ತಿ ಆಯೋಗ ಇವುಗಳ ನಿರ್ಮಾಪಕರೆಂದು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಅವರನ್ನು ಬಲ್ಲರು. ಈ ಕೀರ್ತಿಯ ಪ್ರಭೆಯಲ್ಲಿ ಅವರ ತಾರುಣ್ಯದ ವಿಜ್ಞಾನಕಾರ್ಯವು ಮಸುಕಾಗಿಬಿಟ್ಟಿದೆ. ಮೂವತ್ತು ವರ್ಷ ತುಂಬುವುದರೊಳಗಾಗಿ ಅವರು ಗಣಿತದ ಮೂಲಕ ಭೇದಿಸಹೊರಟದ್ದು ದ್ರವ್ಯದ ಹುಟ್ಟುಸಾವುಗಳ ಮರ್ಮವನ್ನು. ಶಕ್ತಿಯಿಂದ ದ್ರವ್ಯವು ಹುಟ್ಟುವಾಗ ಅದರ ಜೊತೆಯಲ್ಲಿ ಅಷ್ಟೇ ಪ್ರಮಾಣದ ಪ್ರತಿದ್ರವ್ಯವೂ ಹುಟ್ಟುತ್ತದೆ. ಅವೆರಡೂ ಮತ್ತೆ ಕೂಡಿದರೆ ಎರಡೂ ಅಳಿದು ಬೆಳಕಾಗುತ್ತವೆ. ಹಾಗಿದ್ದ ಮೇಲೆ ಈ ಸೂರ್ಯ, ಈ ಭೂಮಿ, ಬೆಳವಣಕಿಯ ಹೊಲಗಳ ಈ ಎರೆಮಣ್ಣು ಇವೆಲ್ಲ ಅಳಿಯದೆ ಉಳಿದುದು ಹೇಗೆ? ಭಾಭಾ ಅವರ ಲೆಕ್ಕಗಳ ಬೆನ್ನಿಗೇ ಈ ಪ್ರಶ್ನೆ ನಿಂತಿತ್ತು. ಅದಕ್ಕೆ ಉತ್ತರವನ್ನರಸುವ ಒಂದು ಮಹಾಪ್ರಯತ್ನವು ಅವರು ಗತಿಸಿದ ತರುವಾಯ ಕನ್ನಡ ನಾಡಿನ ನೆಲದಾಳದಲ್ಲಿಯೇ ನಡೆಯಿತು; ಅದಕ್ಕೆ ದಾರಿ ಮಾಡಿದವರೂ ಭಾಭಾ ಅವರೇ.

ಹೋಮಿ ಭಾಭಾ ಅವರು 1909ರ ಅಕ್ಟೋಬರ್ 30ರಂದು ಮುಂಬಯಿಯ ಸುಸಂಸ್ಕೃತ ಪಾರಸಿ ಮನೆತನದಲ್ಲಿ ಜನಿಸಿದರು. ಈ ಮನೆತನಕ್ಕೂ ಕನ್ನಡ ನಾಡಿಗೂ ಹಳೆಯ ನಂಟು ಉಂಟು. ಅವರ ಪಿತಾಮಹರಾದ ಹರ್ಮಸ್‌ಜಿ ಭಾಭಾ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದರು. ತಂದೆ ಜಹಾಂಗೀರ ಭಾಭಾ ಅವರು ಬೆಂಗಳೂರಿನಲ್ಲಿ ಬೆಳೆದು, ಆಕ್ಸ್‌ಫರ್ಡಿನಲ್ಲಿ ಓದಿ, ಮುಂಬಯಿಯಲ್ಲಿ ನ್ಯಾಯವಾದಿಗಳಾಗಿ ನೆಲೆಸಿದರು. ಸೋದರತ್ತೆ ಮೆಹರ್‌ಬಾಯಿಯವರು ಸರ್ ದೊರಾಬ್‌ಜಿ ಟಾಟಾ ಅವರ ಕೈಹಿಡಿದರು. ಹೋಮಿಯವರ ತಾಯಿಯ ಹೆಸರೂ ಮೆಹರ್‌ಬಾಯಿ ಎಂಬುದರಿಂದ ಜೀವನಚರಿತ್ರೆಗಳನ್ನು ಓದುವವರು ಇಲ್ಲಿ ತುಸು ಎಚ್ಚರದಿಂದಿರಬೇಕಾಗುತ್ತದೆ. ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ, ಜಮಶೇಟ್‌ಜಿ ಟಾಟಾ ಅವರ ದಾನದಿಂದ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಗೊಂಡದ್ದೂ 1909ರಲ್ಲಿಯೇ. ಮುಂದೆ ಮೂವತ್ತು ವರ್ಷಗಳ ಬಳಿಕ ಆ ಸಂಸ್ಥೆಯೇ ಅವರಿಗೆ ಆಶ್ರಯವಾಗಲಿತ್ತು.

ಮನೆಯಲ್ಲಿ ಪುಸ್ತಕಗಳೂ, ಚಿತ್ರಗಳೂ, ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಗಳೂ ತುಂಬಿದ್ದವು. ಮುಂಬಯಿಯಲ್ಲಿ ಶಾಲೆ ಹಾಗೂ ಕಾಲೇಜು ಶಿಕ್ಷಣ ಮುಗಿಸಿದ ಹೋಮಿಯವರು 1927ರಲ್ಲಿ ಕೇಂಬ್ರಿಜ್‌ನ ಗಾನ್‌ವಿಲ್ ಮತ್ತು ಕೀಸ್ ಕಾಲೇಜಿಗೆ ಯಂತ್ರಶಿಲ್ಪದ ವಿದ್ಯಾರ್ಥಿಯಾಗಿ ಸೇರಿದರು. ಮಗನು ಇಂಜಿನಿಯರಾಗಿ ಬಂದು ಜಮಶೇಡಪುರದ ಉಕ್ಕಿನ ಕಾರ್ಖಾನೆಯಲ್ಲಿ ಹೊಣೆ ಹೊರಬೇಕೆಂಬುದು ತಂದೆಯವರ ಹಾಗೂ ದೊರಾಬ್‌ಜಿಯವರ ಅಪೇಕ್ಷೆಯಾಗಿತ್ತು. ಕೇಂಬ್ರಿಜ್ ಆಗ ಭೌತವಿಜ್ಞಾನದ ಕ್ರಾಂತಿಯ ಒಲೆಯಂತಿತ್ತು. ತಮ್ಮ ಮನಸ್ಸು ಭೌತವಿಜ್ಞಾನದಲ್ಲಿ ನೆಟ್ಟಿದೆಯೆಂದೂ, ಉಕ್ಕಿನ ಉದ್ಯೋಗ ತಮ್ಮ ಸ್ವಭಾವಕ್ಕೆ ಸಲ್ಲದೆಂದೂ ಮಗ ತಂದೆಗೆ ಬರೆದರು. ತಂದೆ ಸಿಟ್ಟಾಗಲಿಲ್ಲ, ಒಂದು ಷರತ್ತನ್ನು ಮಾತ್ರ ಹಾಕಿದರು. ಕೈಗೊಂಡ ಯಂತ್ರಶಿಲ್ಪದ ಪರೀಕ್ಷೆಯಲ್ಲಿ ಪ್ರಥಮ ವರ್ಗ ಪಡೆದರೆ ಮುಂದೆ ಗಣಿತ ಓದುವುದಕ್ಕೂ ಕೇಂಬ್ರಿಜ್‌ನಲ್ಲಿ ಇರಿಸುವೆನೆಂದರು. 1930ರಲ್ಲಿ ಯಂತ್ರಶಿಲ್ಪದಲ್ಲಿ, 1932ರಲ್ಲಿ ಗಣಿತದಲ್ಲಿ, ಎರಡರಲ್ಲಿಯೂ ಹೋಮಿಯವರು ಪ್ರಥಮ ವರ್ಗದಲ್ಲಿ ತೇರ್ಗಡೆಯಾದರು. ಯಂತ್ರಶಿಲ್ಪದ ಆ ವರ್ಷಗಳು ವ್ಯರ್ಥವಾದವೆಂದು ಹೇಳಲಾಗದು. ಮುಂದೆ ಸ್ಥಾವರಗಳನ್ನು ಕಟ್ಟಿಸಿದ ಕೈಗೆ ಆ ಶಿಕ್ಷಣವೇ ಬಲವಾಯಿತು.

ಕೇಂಬ್ರಿಜ್‌ನಲ್ಲಿ ಅವರಿಗೆ ಗಣಿತ ಕಲಿಸಿದವರಲ್ಲಿ ಪಾಲ್ ಡಿರಾಕ್ ಒಬ್ಬರು. 1928ರಲ್ಲಿ ಡಿರಾಕ್ ಅವರು ಎಲೆಕ್ಟ್ರಾನಿನ ಚಲನೆಯನ್ನು ವಿವರಿಸುವ ಸಮೀಕರಣವೊಂದನ್ನು ರಚಿಸಿದ್ದರು. ಆ ಸಮೀಕರಣಕ್ಕೆ ಬೇಡದ ಅತಿಥಿಯಂತೆ ಇನ್ನೊಂದು ಉತ್ತರವೂ ಬಂದಿತ್ತು. ಅದನ್ನು ಮೂರು ವರ್ಷ ಚಿಂತಿಸಿದ ಡಿರಾಕ್ ಅವರು, ಎಲೆಕ್ಟ್ರಾನಿನಷ್ಟೇ ತೂಕದ, ಆದರೆ ಧನ ವಿದ್ಯುತ್ತನ್ನುಳ್ಳ ಕಣವೊಂದು ಇರಬೇಕೆಂದು 1931ರಲ್ಲಿ ಸಾರಿದರು. ಮರುವರ್ಷವೇ ಅಮೆರಿಕದ ಕಾರ್ಲ್ ಆಂಡರ್ಸನ್ ಅವರು ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳ ಛಾಯಾಚಿತ್ರಗಳಲ್ಲಿ ಆ ಕಣದ ಜಾಡನ್ನು ಕಂಡರು. ಅದಕ್ಕೆ ಪಾಸಿಟ್ರಾನ್ ಎಂದು ಹೆಸರಾಯಿತು. 1933ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿಯೇ ಬ್ಲ್ಯಾಕೆಟ್ ಮತ್ತು ಒಕಿಯಾಲಿನಿ ಅವರು ಅದನ್ನು ದೃಢಪಡಿಸಿದರು. ಎಲೆಕ್ಟ್ರಾನ್, ಪಾಸಿಟ್ರಾನುಗಳು ಜೋಡಿಯಾಗಿ ಹುಟ್ಟುವುದನ್ನೂ ತೋರಿಸಿದರು. ಪ್ರತಿದ್ರವ್ಯವೆಂಬುದು ಹೀಗೆ ಕಣ್ಣಿಗೆ ಬಿದ್ದ ಕಾಲದಲ್ಲಿ, ಅದು ಬಿದ್ದ ಊರಿನಲ್ಲಿ, ಇಪ್ಪತ್ತಮೂರು ವರ್ಷದ ಭಾಭಾ ಅವರು ಸಂಶೋಧನ ವಿದ್ಯಾರ್ಥಿಯಾಗಿದ್ದರು.

ಅವರು ಕೈಗೆತ್ತಿಕೊಂಡ ಸಮಸ್ಯೆ ಮೇಲ್ನೋಟಕ್ಕೆ ಸರಳವಾದುದು. ಎಲೆಕ್ಟ್ರಾನಿಗೆ ಪಾಸಿಟ್ರಾನ್ ಡಿಕ್ಕಿ ಹೊಡೆದರೆ ಅವು ಯಾವ ಯಾವ ದಿಕ್ಕಿಗೆ ಎಷ್ಟೆಷ್ಟು ಸಲ ಚದುರುತ್ತವೆ? ಎರಡು ಗೋಲಿಗಳು ತಾಕಿ ಸಿಡಿದಂತೆ ಇದು ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಪಾಸಿಟ್ರಾನ್ ಎಂಬುದು ಎಲೆಕ್ಟ್ರಾನಿನ ಪ್ರತಿಕಣ; ಆದುದರಿಂದ ಅವೆರಡೂ ಸಂಧಿಸಿದ ಕ್ಷಣದಲ್ಲಿ ಪರಸ್ಪರ ಅಳಿದು, ಮತ್ತೆ ಹೊಸ ಜೋಡಿಯಾಗಿ ಹುಟ್ಟಿ ಹೊರಬೀಳುವ ಸಾಧ್ಯತೆಯೂ ಇದೆ. ಈ ಅಳಿವು ಮತ್ತು ಮರುಹುಟ್ಟುಗಳನ್ನು ಸೇರಿಸಿಕೊಂಡರೆ ಮಾತ್ರ ಚದುರುವಿಕೆಯ ಪ್ರಮಾಣ ಸರಿಯಾಗಿ ದೊರೆಯುತ್ತದೆಂದು ಭಾಭಾ ಅವರು ತೋರಿಸಿದರು. ಇಪ್ಪತ್ತಾರರ ಹರೆಯದಲ್ಲಿ ಅವರು ಪಡೆದ ಆ ಸೂತ್ರವನ್ನು ಜಗತ್ತಿನ ಭೌತವಿಜ್ಞಾನಿಗಳು ಇಂದಿಗೂ ಭಾಭಾ ಚದುರುವಿಕೆ ಎಂದೇ ಕರೆಯುತ್ತಾರೆ. ಅವರ ಸಮಸ್ತ ಸಾಧನೆಗಳಲ್ಲಿ ಕಾಲದ ಪೆಟ್ಟಿಗೆ ಕಿಂಚಿತ್ತೂ ಸವೆಯದೆ ಉಳಿದಿರುವುದು ಇದೊಂದೇ ಎಂದರೂ ಸಲ್ಲುತ್ತದೆ.

ಇದರ ಬೆನ್ನಲ್ಲಿಯೇ 1937ರಲ್ಲಿ, ಜರ್ಮನಿಯಿಂದ ಇಂಗ್ಲೆಂಡಿಗೆ ವಲಸೆ ಬಂದಿದ್ದ ವಾಲ್ಟರ್ ಹೈಟ್ಲರ್ ಅವರೊಡಗೂಡಿ ಅವರು ವಿಶ್ವಕಿರಣಗಳ ಧಾರಾವೃಷ್ಟಿಯ ಸಿದ್ಧಾಂತವನ್ನು ಮಂಡಿಸಿದರು. ಮಹಾವೇಗದ ಎಲೆಕ್ಟ್ರಾನೊಂದು ವಾಯುಮಂಡಲವನ್ನು ಹೊಕ್ಕು ಪರಮಾಣುಗಳ ಬಳಿ ಹಾಯುವಾಗ ಗಾಮಾ ಕಿರಣವನ್ನು ಹೊರಸೂಸುತ್ತದೆ. ಆ ಕಿರಣವು ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್ ಆಗಿ ಒಡೆಯುತ್ತದೆ. ಅವು ಮತ್ತೆ ಗಾಮಾ ಕಿರಣಗಳನ್ನು ಸೂಸುತ್ತವೆ. ಅವುಗಳಿಂದ ಮತ್ತೆ ಜೋಡಿಗಳು. ಹೀಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂಲಶಕ್ತಿ ತೀರುವವರೆಗೂ ಸಂತತಿ ಬೆಳೆಯುತ್ತದೆ. ಅದೇ ವರ್ಷ ಅಮೆರಿಕದಲ್ಲಿ ಕಾರ್ಲ್‌ಸನ್ ಮತ್ತು ಓಪನ್‌ಹೈಮರ್ ಅವರೂ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು.

ಈ ಧಾರಾವೃಷ್ಟಿಯನ್ನು ಒಂದು ಜಮಾಖರ್ಚಿನ ಪುಸ್ತಕವೆಂದು ಭಾವಿಸಿ ನೋಡಬೇಕು. ಜಮಾ ಕಡೆಗೆ ಒಂದು ಎಲೆಕ್ಟ್ರಾನ್ ಬಂದಿತೆಂದರೆ ಖರ್ಚಿನ ಕಡೆಗೆ ಒಂದು ಪಾಸಿಟ್ರಾನ್ ಬಂದೇ ತೀರುತ್ತದೆ. ಸಾವಿರ ಜೋಡಿಗಳು ಹುಟ್ಟಿದರೂ, ಲಕ್ಷ ಜೋಡಿಗಳು ಹುಟ್ಟಿದರೂ ಹೊಸದಾಗಿ ಉಳಿದ ಶಿಲ್ಕು ಸೊನ್ನೆ. ಭಾಭಾ ಅವರ ಸೂತ್ರಗಳಲ್ಲಿ ಎಲ್ಲಿಯೂ ದ್ರವ್ಯಕ್ಕೆ ಒಂದು ಕಾಳಿನಷ್ಟೂ ಪಕ್ಷಪಾತವಿಲ್ಲ. ಆದರೆ ವಿಶ್ವದ ಪುಸ್ತಕದಲ್ಲಿ ಶಿಲ್ಕು ಸೊನ್ನೆಯಾಗಿಲ್ಲವೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣ ನಮ್ಮ ಅಂಗೈಯಲ್ಲಿಯೇ ಇದೆ. ಶಾಲೆಯ ಅಂಗಳದಲ್ಲಿ ಬಾಲಕನೊಬ್ಬ ಅಂಗೈ ಚಾಚಿ ನಿಂತರೆ ವಿಶ್ವಕಿರಣಗಳಿಂದ ಹುಟ್ಟಿದ ಮ್ಯೂಆನ್ ಎಂಬ ಕಣಗಳು ಸೆಕೆಂಡಿಗೆ ಒಂದರಂತೆ ಅದನ್ನು ತೂರಿ ಹೋಗುತ್ತಿರುತ್ತವೆ. ಅವುಗಳಲ್ಲಿ ಧನ ಮ್ಯೂಆನುಗಳ ಸಂಖ್ಯೆ ಋಣ ಮ್ಯೂಆನುಗಳಿಗಿಂತ ತುಸು ಹೆಚ್ಚು. ಬಾಹ್ಯಾಕಾಶದಿಂದ ಬಂದು ವಾಯುಮಂಡಲವನ್ನು ಬಡಿಯುವ ಮೂಲ ಕಣಗಳು ಬಹುಮಟ್ಟಿಗೆ ಪ್ರೋಟಾನುಗಳಾಗಿರುವುದೇ, ಅಂದರೆ ಪ್ರತಿದ್ರವ್ಯವಾಗಿರದೆ ದ್ರವ್ಯವಾಗಿರುವುದೇ ಇದಕ್ಕೆ ಕಾರಣ. ದೂರದ ನಕ್ಷತ್ರಗಳಲ್ಲಿ ಅರ್ಧ ಪ್ರತಿದ್ರವ್ಯದಿಂದಾಗಿರಬಹುದೆಂದು ಡಿರಾಕ್ ಅವರು 1933ರಲ್ಲಿ ನೊಬೆಲ್ ಪಾರಿತೋಷಕ ಸ್ವೀಕರಿಸಿದಾಗ ಊಹಿಸಿದ್ದರು. ಹಾಗಿದ್ದರೆ ಎರಡೂ ಬಗೆಯ ಪ್ರದೇಶಗಳು ತಾಕುವ ಎಲ್ಲೆಗಳಲ್ಲಿ ಅಪಾರವಾದ ಗಾಮಾ ಕಿರಣಗಳು ಉರಿಯುತ್ತಿರಬೇಕಿತ್ತು. ಅಂಥ ಎಲ್ಲೆಗಳು ಆಕಾಶದಲ್ಲಿ ಕಂಡುಬಂದಿಲ್ಲ.

1939ರಲ್ಲಿ ರಜೆಗೆಂದು ಭಾರತಕ್ಕೆ ಬಂದಿದ್ದ ಭಾಭಾ ಅವರು ಎರಡನೆಯ ಮಹಾಯುದ್ಧ ಸಿಡಿದುದರಿಂದ ಇಲ್ಲಿಯೇ ನಿಲ್ಲಬೇಕಾಯಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ.ವಿ. ರಾಮನ್ ಅವರ ಭೌತವಿಜ್ಞಾನ ವಿಭಾಗದಲ್ಲಿ ಅವರಿಗೆ ರೀಡರ್ ಹುದ್ದೆ ದೊರೆಯಿತು. ಸರ್ ದೊರಾಬ್‌ಜಿ ಟಾಟಾ ಧರ್ಮದತ್ತಿಯ ನೆರವಿನಿಂದ ಅಲ್ಲಿ ವಿಶ್ವಕಿರಣ ಸಂಶೋಧನ ಘಟಕವೊಂದು ಆರಂಭವಾಯಿತು. 1941ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಅವರು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಗೊಂಡರು; ಮರುವರ್ಷ ಕೇಂಬ್ರಿಜ್‌ನ ಆಡಮ್ಸ್ ಪಾರಿತೋಷಕವೂ ಬಂದಿತು. ವಿಕ್ರಮ ಸಾರಾಭಾಯಿ ಅವರು ಅಲ್ಲಿಯೇ ವಿಶ್ವಕಿರಣಗಳ ಅಧ್ಯಯನ ನಡೆಸಿದರು. ಮುಂದೆ ಗಣಿತಜ್ಞರಾಗಿ ಜಗತ್ಪ್ರಸಿದ್ಧರಾದ ಹರಿಶ್ಚಂದ್ರ ಅವರು ತರುಣರಾಗಿ ಬಂದು ಭಾಭಾ ಅವರೊಡನೆ ಕೆಲಸ ಮಾಡಿದರು. ಯೂರೋಪಿಗೆ ಮರಳುವುದೇ ತಮ್ಮ ಗತಿಯೆಂದು ಬಂದಿದ್ದವರು ಬೆಂಗಳೂರಿನ ಈ ಐದಾರು ವರ್ಷಗಳಲ್ಲಿ ಸ್ವದೇಶದಲ್ಲಿಯೇ ನಿಲ್ಲುವ ನಿರ್ಧಾರಕ್ಕೆ ಬಂದರು. ಅವರ ಜೀವನದ ತಿರುವು ಇದೇ.

1944ರ ಮಾರ್ಚ್ 12ರಂದು ಅವರು ಬೆಂಗಳೂರಿನಿಂದ ಟಾಟಾ ಧರ್ಮದತ್ತಿಯ ಅಧ್ಯಕ್ಷರಾದ ಸರ್ ಸೊರಾಬ್ ಸಕ್ಲತ್‌ವಾಲಾ ಅವರಿಗೆ ಪತ್ರವೊಂದನ್ನು ಬರೆದರು. ಮೂಲಭೂತ ಭೌತವಿಜ್ಞಾನದಲ್ಲಿ ಉನ್ನತ ಸಂಶೋಧನೆ ನಡೆಸುವ ಶಾಲೆಯೊಂದು ದೇಶಕ್ಕೆ ಬೇಕು. ಕೆಲವು ದಶಕಗಳ ಬಳಿಕ ಪರಮಾಣುಶಕ್ತಿಯಿಂದ ವಿದ್ಯುತ್ತು ತೆಗೆಯುವ ಕಾಲ ಬಂದಾಗ ತಜ್ಞರಿಗಾಗಿ ಪರದೇಶಗಳ ಕಡೆ ನೋಡುವ ಪ್ರಸಂಗ ಬರಬಾರದು ಎಂಬುದು ಅದರ ತಾತ್ಪರ್ಯ. ಪರಮಾಣು ಅಸ್ತ್ರದ ಸುದ್ದಿ ಜಗತ್ತಿಗೆ ತಿಳಿಯಲು ಇನ್ನೂ ಒಂದು ವರ್ಷಕ್ಕೂ ಮಿಕ್ಕಿ ಕಾಲವಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ದತ್ತಿಯವರು ಒಪ್ಪಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಬೆಂಗಳೂರಿನಲ್ಲಿ ಕೆಲಸವನ್ನಾರಂಭಿಸಿ, ಅದೇ ವರ್ಷದ ಕೊನೆಗೆ ಮುಂಬಯಿಗೆ ಸ್ಥಳಾಂತರಗೊಂಡಿತು. ದಾನಿಗಳು ಕೊಟ್ಟದ್ದು ಕಟ್ಟಡಕ್ಕಲ್ಲ, ಇನ್ನೂ ಆಕಾರವೇ ಇಲ್ಲದ ಒಂದು ವಿಚಾರಕ್ಕೆ. ಅಂಥ ದಾನ ಅಪರೂಪವಾದುದು.

ಮುಂದಿನ ಇಪ್ಪತ್ತು ವರ್ಷಗಳ ಕಥೆ ಬಹುಜನರಿಗೆ ತಿಳಿದುದೇ. 1948ರಲ್ಲಿ ಪರಮಾಣುಶಕ್ತಿ ಆಯೋಗದ ಅಧ್ಯಕ್ಷತೆ, 1954ರಲ್ಲಿ ತ್ರಾಂಬೆಯ ಕೇಂದ್ರ, 1955ರಲ್ಲಿ ಜಿನೀವಾದ ವಿಶ್ವಸಮ್ಮೇಳನದ ಅಧ್ಯಕ್ಷಪೀಠ, 1956ರ ಆಗಸ್ಟ್ 4ರಂದು ಅಪ್ಸರಾ ಸ್ಥಾವರದ ಉದಯ. ಪ್ರಧಾನಿ ನೆಹರೂ ಅವರ ಸಂಪೂರ್ಣ ವಿಶ್ವಾಸ ಅವರಿಗಿತ್ತು. ಅವರು ವಿವಾಹವಾಗಲಿಲ್ಲ. ಚಿತ್ರ ಬರೆಯುವುದನ್ನೂ, ಸಂಗೀತ ಕೇಳುವುದನ್ನೂ, ಗಿಡಮರಗಳ ಪ್ರೀತಿಯನ್ನೂ ಕೊನೆಯವರೆಗೆ ಬಿಡಲಿಲ್ಲ. ಬಿಟ್ಟುಹೋದದ್ದು ಒಂದೇ: ಸ್ವತಃ ಕುಳಿತು ಕಣಗಳ ಲೆಕ್ಕ ಬಿಡಿಸುವ ಕೆಲಸ. ಆಡಳಿತದ ಭಾರವು ಒಬ್ಬ ಶ್ರೇಷ್ಠ ಗಣಿತಭೌತವಿಜ್ಞಾನಿಯನ್ನು ನುಂಗಿತೆಂದು ವಿಷಾದಿಸುವವರುಂಟು. ಆ ವಿಷಾದದಲ್ಲಿ ಸತ್ಯಾಂಶವಿದೆ. ಆದರೂ ತಾವು ಮಾಡಲಾಗದುದನ್ನು ಮಾಡಬಲ್ಲ ಕಿರಿಯರನ್ನು ಆರಿಸುವುದರಲ್ಲಿ ಅವರ ಕಣ್ಣು ತಪ್ಪುತ್ತಿರಲಿಲ್ಲ.

ಅಂಥ ಕಿರಿಯರಲ್ಲೊಬ್ಬರು ಮೈಸೂರು ಸೀಮೆಯ ನಂಜನಗೂಡಿನ ಬಿ.ವಿ. ಶ್ರೀಕಂಠನ್. ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾದ ಅವರು 1948ರಲ್ಲಿ ಟಾಟಾ ಸಂಸ್ಥೆಯನ್ನು ಸೇರಿದರು. ಮುಂದೆ ಅದರ ನಿರ್ದೇಶಕರೂ ಆದರು. ವಿಶ್ವಕಿರಣಗಳು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆಂದು ಅಳೆಯಲು ಭಾಭಾ ಅವರು ಅವರನ್ನು ಕೋಲಾರದ ಚಿನ್ನದ ಗಣಿಗೆ ಕಳುಹಿಸಿದರು. 1951ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ ಅಳತೆಗಳು ಆರಂಭವಾದವು. ಚಿನ್ನದ ಅದಿರು ಮೇಲಕ್ಕೆ ಬರುವ ಬಾವಿಯಲ್ಲಿ ವಿಜ್ಞಾನಿಗಳ ಉಪಕರಣಗಳು ಕೆಳಕ್ಕೆ ಇಳಿದವು. ಆಳ ಹೆಚ್ಚಿದಂತೆ ಮ್ಯೂಆನುಗಳು ಕಡಿಮೆಯಾಗುತ್ತ ಹೋಗಿ, 1960ರ ದಶಕದ ಆರಂಭದಲ್ಲಿ ಸುಮಾರು ಎರಡೂಮುಕ್ಕಾಲು ಕಿಲೋಮೀಟರ್ ಆಳದಲ್ಲಿ ವಾರಗಟ್ಟಲೆ ಕಾದರೂ ಒಂದೂ ಸಿಕ್ಕಲಿಲ್ಲ. ಈ ನಿಶ್ಶಬ್ದವೇ ಒಂದು ಸಂಪತ್ತಾಯಿತು. ಮೇಲಿನ ಗದ್ದಲ ತಲುಪದ ಜಾಗದಲ್ಲಿ ಅತಿಸೂಕ್ಷ್ಮವಾದ ಘಟನೆಗಳನ್ನು ಹಿಡಿಯಬಹುದು. 1965ರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ಕೂಡಿ, ವಾಯುಮಂಡಲದಲ್ಲಿ ಹುಟ್ಟಿ ಭೂಮಿಯನ್ನೇ ತೂರಿ ಬರುವ ನ್ಯೂಟ್ರಿನೋ ಕಣಗಳನ್ನು ಅಲ್ಲಿ ಗುರುತಿಸಿದರು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಅದೇ ವರ್ಷ ಅಂಥ ಫಲ ದೊರೆಯಿತು. ಇವೆರಡೂ ಜಗತ್ತಿನಲ್ಲಿ ಮೊದಲನೆಯವು.

ಈ ಯಶಸ್ಸನ್ನು ಕಂಡ ಭಾಭಾ ಅವರು ಬಹಳ ಕಾಲ ಬದುಕಲಿಲ್ಲ. 1966ರ ಜನವರಿ 24ರಂದು ಅವರು ವಿಯೆನ್ನಾದ ಸಭೆಗೆ ಹೊರಟಿದ್ದ ಏರ್ ಇಂಡಿಯಾ ವಿಮಾನವು ಆಲ್ಪ್ಸ್ ಪರ್ವತದ ಮೋಂ ಬ್ಲಾಂ ಶಿಖರಕ್ಕೆ ಅಪ್ಪಳಿಸಿ ಸರ್ವರೂ ಮಡಿದರು. ಅವರಿಗೆ ಆಗ ಐವತ್ತಾರು ವರ್ಷ. ಲಾಲಬಹಾದೂರ ಶಾಸ್ತ್ರಿಗಳ ಅಗಲಿಕೆಯ ದುಃಖ ಇನ್ನೂ ಆರದ ಆ ದಿನ, ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ ದಿನವೇ, ಈ ಸುದ್ದಿ ಬಂದಿತು. ಮರುವರ್ಷ ತ್ರಾಂಬೆಯ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು.

ಶಿಲ್ಕಿನ ಪ್ರಶ್ನೆ ಸ್ಪಷ್ಟ ರೂಪ ತಳೆದದ್ದು ಇದೇ ವರ್ಷಗಳಲ್ಲಿ. ವಿಶ್ವವು ಒಂದಾನೊಂದು ಕಾಲದಲ್ಲಿ ಅತ್ಯಂತ ಬಿಸಿಯಾಗಿತ್ತೆಂಬುದಕ್ಕೆ ಸಾಕ್ಷಿಯಾದ ಕ್ಷೀಣ ವಿಕಿರಣವನ್ನು 1965ರಲ್ಲಿ ಪೆನ್‌ಜಿಯಾಸ್ ಮತ್ತು ವಿಲ್ಸನ್ ಅವರು ಪ್ರಕಟಿಸಿದರು. ಆ ಬೆಳಕಿನ ಕಣಗಳನ್ನೂ ದ್ರವ್ಯಕಣಗಳನ್ನೂ ಹೋಲಿಸಿದರೆ ಒಂದು ದ್ರವ್ಯಕಣಕ್ಕೆ ನೂರು ಕೋಟಿಗೂ ಮಿಕ್ಕಿ ಬೆಳಕಿನ ಕಣಗಳು ಇವೆ. ಇದರ ಅರ್ಥ ಇಷ್ಟು: ಆದಿಯಲ್ಲಿ ನೂರು ಕೋಟಿ ಪ್ರತಿಕಣಗಳಿದ್ದೆಡೆ ನೂರು ಕೋಟಿಯ ಮೇಲೊಂದು ಕಣವಿತ್ತು. ನೂರು ಕೋಟಿ ಜೋಡಿಗಳು ಅಳಿದು ಬೆಳಕಾದವು. ಆ ಮೇಲಿನ ಒಂದೊಂದು ಕಣ ಉಳಿದು ನಕ್ಷತ್ರ, ಭೂಮಿ, ಜೀವರಾಶಿಗಳಾದವು. ಆ ಒಂದು ಹೆಚ್ಚಿನ ಕಣ ಬಂದುದೆಲ್ಲಿಂದ ಎಂಬುದೇ ಒಗಟು. ಭಾಭಾ ಅವರು ತೀರಿಕೊಂಡ ಮರುವರ್ಷ, 1967ರಲ್ಲಿ, ರಷ್ಯದ ಆಂದ್ರೇ ಸಖಾರೊವ್ ಅವರು ಅದಕ್ಕೆ ಮೂರು ಸಂಗತಿಗಳು ಕೂಡಿಬರಬೇಕೆಂದು ತೋರಿಸಿದರು. ದ್ರವ್ಯಕಣಗಳ ಒಟ್ಟು ಲೆಕ್ಕ ಬದಲಾಗಲು ನಿಸರ್ಗದಲ್ಲಿ ಅವಕಾಶವಿರಬೇಕು. ನಿಸರ್ಗನಿಯಮಗಳು ದ್ರವ್ಯ, ಪ್ರತಿದ್ರವ್ಯಗಳಲ್ಲಿ ಕಿಂಚಿತ್ ಭೇದವೆಣಿಸಬೇಕು. ಹೋದದ್ದು ಹಾಗೆಯೇ ಮರಳಿಬಾರದಂತೆ ವಿಶ್ವವು ಸಮತೋಲ ತಪ್ಪಿ ತಣ್ಣಗಾಗುತ್ತಿರಬೇಕು. ಎರಡನೆಯದಕ್ಕೆ 1964ರಲ್ಲಿಯೇ ಕ್ರೋನಿನ್ ಮತ್ತು ಫಿಚ್ ಅವರು ಕೇಆನ್ ಕಣಗಳಲ್ಲಿ ಕುರುಹು ಕಂಡಿದ್ದರು. ಮೊದಲನೆಯದು ನಿಜವಾದರೆ ಒಂದು ವಿಚಿತ್ರ ಫಲಿತಾಂಶ ಹೊರಡುತ್ತದೆ: ಶಾಶ್ವತವೆಂದು ಬಗೆದ ಪ್ರೋಟಾನ್ ಕೂಡ ಎಂದಾದರೊಮ್ಮೆ ಒಡೆಯಬಹುದು.

ಅದನ್ನು ಪರೀಕ್ಷಿಸುವ ಬಗೆ ಹೇಗೆ? ಒಂದು ಪ್ರೋಟಾನನ್ನು ವಿಶ್ವದ ಆಯುಷ್ಯಕ್ಕಿಂತ ಕೋಟಿಕೋಟಿ ಪಾಲು ಹೆಚ್ಚು ಕಾಲ ಕಾಯುತ್ತ ಕೂಡಲಾಗದು. ಅದರ ಬದಲು ಅಗಣಿತ ಪ್ರೋಟಾನುಗಳನ್ನು ಒಂದೆಡೆ ಕೂಡಿಹಾಕಿ ಕೆಲವೇ ವರ್ಷ ಕಾಯಬಹುದು. 1980ರ ಕೊನೆಗೆ ಕೋಲಾರದ ಗಣಿಯಲ್ಲಿ, 2300 ಮೀಟರ್ ಆಳದಲ್ಲಿ, 140 ಟನ್ ತೂಕದ ಶೋಧಕವು ಕೆಲಸ ಆರಂಭಿಸಿತು. ಕಬ್ಬಿಣದ ತಟ್ಟೆಗಳ ನಡುವೆ ಕಣಗಳನ್ನೆಣಿಸುವ ನಳಿಗೆಗಳನ್ನು ಅಡ್ಡ ಉದ್ದ ಪದರಪದರವಾಗಿ ಜೋಡಿಸಿದ್ದರು. ಅಷ್ಟು ಕಬ್ಬಿಣದಲ್ಲಿ ಪ್ರೋಟಾನ್, ನ್ಯೂಟ್ರಾನುಗಳ ಸಂಖ್ಯೆ ಸುಮಾರು 8ರ ಮುಂದೆ 31 ಸೊನ್ನೆಗಳಷ್ಟು. ಪ್ರೋಟಾನಿನ ಅಳಿವನ್ನೇ ಅರಸಿ ಕಟ್ಟಿದ ದೊಡ್ಡ ಶೋಧಕಗಳಲ್ಲಿ ಜಗತ್ತಿನಲ್ಲಿಯೇ ಮೊದಲು ಕೆಲಸಕ್ಕಿಳಿದದ್ದು ಇದು. ಎಂ.ಜಿ.ಕೆ. ಮೆನನ್, ಶ್ರೀಕಂಠನ್, ವಿ.ಎಸ್. ನರಸಿಂಹಂ ಮೊದಲಾದವರೂ ಒಸಾಕಾದ ವಿಜ್ಞಾನಿಗಳೂ ಇದರಲ್ಲಿ ದುಡಿದರು. ಭಾಭಾ ಅವರು ಪ್ರೀತಿಯಿಂದ ಅಭ್ಯಸಿಸಿದ ವಿಶ್ವಕಿರಣಗಳು ಇಲ್ಲಿ ಕಾಟಕೊಡುವ ಕಳೆಯಾಗಿದ್ದವು. ಅವುಗಳನ್ನು ತಡೆಯುವುದಕ್ಕೆಂದೇ ಅಷ್ಟು ಬಂಡೆಯ ಮರೆ ಬೇಕಾಗಿತ್ತು. ಎರಡು ವರ್ಷಗಳೊಳಗೆ ಪ್ರೋಟಾನ್ ಒಡೆದಿರಬಹುದೆಂದು ತೋರುವ ಕೆಲವು ಘಟನೆಗಳನ್ನು ತಂಡವು ಪ್ರಕಟಿಸಿದಾಗ ಜಗತ್ತಿನ ವಿಜ್ಞಾನಿಗಳ ದೃಷ್ಟಿ ಕೋಲಾರದ ಕಡೆ ತಿರುಗಿತು. ಅಮೆರಿಕ ಮತ್ತು ಜಪಾನುಗಳಲ್ಲಿ ಸಾವಿರಾರು ಟನ್ ನೀರನ್ನು ತುಂಬಿ ಕಟ್ಟಿದ ಶೋಧಕಗಳಲ್ಲಿ ಮಾತ್ರ ಅಂಥದೇನೂ ಕಾಣಲಿಲ್ಲ. ಕೋಲಾರದ ಘಟನೆಗಳು ನ್ಯೂಟ್ರಿನೋಗಳಿಂದಲೇ ಆಗಿದ್ದಿರಬೇಕೆಂಬ ಅಭಿಪ್ರಾಯ ನೆಲೆಗೊಂಡಿತು. ಗಣಿಯ ಆದಾಯ ಕುಗ್ಗಿ ಆಳದ ಸುರಂಗಗಳನ್ನು ಬಿಟ್ಟುಕೊಡಬೇಕಾಗಿ ಬಂದುದರಿಂದ 1992ರಲ್ಲಿ ಪ್ರಯೋಗಗಳು ನಿಂತವು. 2001ರಲ್ಲಿ ಗಣಿಯೂ ಮುಚ್ಚಿತು.

ಪ್ರೋಟಾನ್ ಒಡೆದುದನ್ನು ಈವರೆಗೆ ಯಾರೂ ಕಂಡಿಲ್ಲ. ಜಪಾನಿನ ಸೂಪರ್ ಕಾಮಿಯೊಕಾಂಡೆ ಎಂಬ 50,000 ಟನ್ ನೀರಿನ ಶೋಧಕದ ಪ್ರಕಾರ, ಮುಖ್ಯವೆಂದು ಎಣಿಸಿದ ಬಗೆಯಲ್ಲಿ ಪ್ರೋಟಾನ್ ಒಡೆಯುವುದಾದರೆ ಅದರ ಸರಾಸರಿ ಆಯುಷ್ಯವು 1ರ ಮುಂದೆ 34 ಸೊನ್ನೆಗಳನ್ನಿಟ್ಟಷ್ಟು ವರ್ಷಗಳಿಗೂ ಹೆಚ್ಚಾಗಿರಬೇಕು. ದ್ರವ್ಯ, ಪ್ರತಿದ್ರವ್ಯಗಳ ಭೇದದ ಅನ್ವೇಷಣೆ ಮಾತ್ರ ಮುಂದೆ ಸಾಗಿದೆ. 2001ರಲ್ಲಿ ಅಮೆರಿಕದ ಮತ್ತು ಜಪಾನಿನ ಎರಡು ಪ್ರಯೋಗಗಳು ಬಿ ಮೆಸಾನ್ ಎಂಬ ಕಣಗಳಲ್ಲಿ ಅದನ್ನು ಕಂಡವು; 2025ರಲ್ಲಿ ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯವು ಪ್ರೋಟಾನಿನ ಕುಲಕ್ಕೇ ಸೇರಿದ ಬೇರಿಯಾನ್ ಕಣವೊಂದರಲ್ಲಿಯೂ ಅದನ್ನು ಮೊದಲ ಬಾರಿಗೆ ಗುರುತಿಸಿತು. ಇದುವರೆಗೆ ತಿಳಿದ ಭೇದವೆಲ್ಲ ಕೂಡಿದರೂ ಆ ನೂರು ಕೋಟಿಗೊಂದರ ಶಿಲ್ಕಿಗೆ ಸಾಲದು. ಜಪಾನಿನ ತ್ಸುಕುಬಾದಲ್ಲಿ ಎಲೆಕ್ಟ್ರಾನ್, ಪಾಸಿಟ್ರಾನುಗಳನ್ನು ಡಿಕ್ಕಿ ಹೊಡೆಸುವ ಯಂತ್ರದಲ್ಲಿ ಶೋಧ ನಡೆದೇ ಇದೆ. ಟಾಟಾ ಸಂಸ್ಥೆಯ ವಿಜ್ಞಾನಿಗಳೂ ಅದರಲ್ಲಿ ಪಾಲುಗೊಂಡಿದ್ದಾರೆ. ಅಲ್ಲಿ ಒಟ್ಟು ಎಷ್ಟು ಡಿಕ್ಕಿಗಳಿಗೆ ಆಸ್ಪದವಾಯಿತೆಂಬ ಲೆಕ್ಕವಿಲ್ಲದೆ ಯಾವ ಭೇದವನ್ನೂ ತೂಗಿ ಹೇಳಲಾಗದು. ಆ ಲೆಕ್ಕವನ್ನು ಹಿಡಿಯಲು, ಎಲೆಕ್ಟ್ರಾನಿಗೆ ಪಾಸಿಟ್ರಾನ್ ತಾಗಿ ಎಷ್ಟು ಸಲ ಚದುರಿತೆಂದು ಎಣಿಸಿ, 1930ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಭಾಭಾ ಅವರು ಬಿಡಿಸಿಟ್ಟ ಸೂತ್ರದೊಡನೆ ತಾಳೆ ನೋಡುತ್ತಾರೆ.